ಬೆಂಗಳೂರಿನಲ್ಲಿ ಒಂದು ದಿನ: ಜವಳಿಗೆ ಯಾವ ಪೇಟೆ, ದೋಸೆಗೆ ಯಾವ ಬೀದಿ, ಸಂಜೆಗೆ ಯಾವ ರಂಗಮಂದಿರ

ಊರಿನಿಂದ ಮದುವೆಯ ಜವಳಿಗೆಂದು ಬರುವ ನೆಂಟರು ಮೆಜೆಸ್ಟಿಕ್‌ನಲ್ಲಿ ಬಸ್ಸಿನಿಂದ ಇಳಿದ ಮೇಲೆ ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: ಚಿಕ್ಕಪೇಟೆಗೆ ಹೋಗೋಣವೋ, ಕಮರ್ಷಿಯಲ್ ಸ್ಟ್ರೀಟಿಗೋ? ಅದರ ಬೆನ್ನಿಗೇ ಇನ್ನೆರಡು ಆಸೆಗಳೂ ಹೊರಬೀಳುತ್ತವೆ. ಬೆಣ್ಣೆ ಮಸಾಲೆ ದೋಸೆ ತಿನ್ನಬೇಕು, ಸಾಧ್ಯವಾದರೆ ಸಂಜೆ ಒಂದು ನಾಟಕವನ್ನೋ ಕಛೇರಿಯನ್ನೋ ನೋಡಬೇಕು. ನಾನು ಬೆಂಗಳೂರಿಗೆ ಬಂದು ನೆಲೆಸಿ ಇಪ್ಪತ್ತು ವರ್ಷ ದಾಟಿದೆ. ಹೀಗೆ ಬಂದವರ ಜೊತೆ ಅಂಗಡಿ ಸುತ್ತುವ ಕೆಲಸ ನಮ್ಮ ಮನೆಯಲ್ಲಿ ಯಾವಾಗಲೂ ನನ್ನ ಪಾಲಿನದು. ಮೊದಮೊದಲು ಒಂದೇ ದಿನದಲ್ಲಿ ಎಲ್ಲವನ್ನೂ ತೋರಿಸಿಬಿಡಬೇಕೆಂಬ ಉತ್ಸಾಹದಲ್ಲಿ ಬೆಳಿಗ್ಗೆ ಮಲ್ಲೇಶ್ವರ, ಮಧ್ಯಾಹ್ನ ಚಿಕ್ಕಪೇಟೆ, ಸಂಜೆ ಎಂ.ಜಿ. ರಸ್ತೆ ಎಂದು ಓಡಾಡಿಸುತ್ತಿದ್ದೆ. ರಾತ್ರಿ ಲೆಕ್ಕ ಹಾಕಿದರೆ ಅಂಗಡಿಯಲ್ಲಿ ಕಳೆದ ಹೊತ್ತಿಗಿಂತ ಆಟೋದಲ್ಲಿ ಕುಳಿತ ಹೊತ್ತೇ ಹೆಚ್ಚಾಗಿರುತ್ತಿತ್ತು. ಈಗ ನಾನು ಪಾಲಿಸುವ ನಿಯಮ ಸರಳವಾದದ್ದು. ಒಂದು ದಿನಕ್ಕೆ ನಗರದ ಒಂದೇ ಭಾಗ. ಕೊಳ್ಳುವುದು, ಉಣ್ಣುವುದು, ನೋಡುವುದು ಮೂರೂ ಅದರ ಆಸುಪಾಸಿನಲ್ಲೇ. ಯಾವ ಭಾಗ ಎಂಬುದನ್ನು ತೀರ್ಮಾನಿಸಬೇಕಾದದ್ದು ನೀವು ಕೊಳ್ಳಲಿರುವ ವಸ್ತು ಮತ್ತು ನಿಮ್ಮ ಜೊತೆಗೆ ಬಂದಿರುವವರ ವಯಸ್ಸು.

ಹೀಗೆ ಮಾಡಲು ಸಾಧ್ಯವಾಗುವುದಕ್ಕೆ ಈ ನಗರ ಬೆಳೆದ ಬಗೆಯೇ ಕಾರಣ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ಒಂದು ಊರು; 1809ರಲ್ಲಿ ಬ್ರಿಟಿಷ್ ಸೈನ್ಯ ಬಂದು ನೆಲೆಯೂರಿದ ದಂಡು ಇನ್ನೊಂದು ಊರು; 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟನ್ನು ಬಿಟ್ಟು ಹೊರಬಂದ ಕುಟುಂಬಗಳಿಂದ ತುಂಬಿಕೊಂಡ ಮಲ್ಲೇಶ್ವರ ಮತ್ತು ಬಸವನಗುಡಿ ಮತ್ತೆರಡು ಊರುಗಳು. ಪೇಟೆಗೂ ದಂಡಿಗೂ 1949ರವರೆಗೆ ಬೇರೆ ಬೇರೆ ಪುರಸಭೆಗಳಿದ್ದವು. ಆದ್ದರಿಂದ ಪ್ರತಿಯೊಂದು ಭಾಗವೂ ತನ್ನದೇ ಮಾರುಕಟ್ಟೆ, ತನ್ನದೇ ಹೋಟೆಲು, ತನ್ನದೇ ಸಭಾಂಗಣಗಳನ್ನು ಕಟ್ಟಿಕೊಂಡಿತು. ಒಂದು ಭಾಗದಲ್ಲಿ ಸಿಗುವ ಸುಖ ಇನ್ನೊಂದರಲ್ಲಿ ಸಿಗುವುದಿಲ್ಲ, ಆದರೆ ಯಾವ ಭಾಗದಲ್ಲೂ ಹಸಿದುಕೊಂಡು ಅಥವಾ ಬೇಸರಪಟ್ಟುಕೊಂಡು ಇರಬೇಕಾಗಿಲ್ಲ.

ಪೇಟೆ: ಸೀರೆಗೆ, ಉಡುಗೊರೆಗೆ, ತಾಳ್ಮೆ ಇದ್ದವರಿಗೆ

ಹಳೆಯ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ, ಚಿಕ್ಕಪೇಟೆಯನ್ನು ಅಡ್ಡಹಾಯುವ ಜಾಗವೇ ಹಳೆಯ ಬೆಂಗಳೂರಿನ ನಡುಮಧ್ಯ. ಇಲ್ಲಿಂದ ಯಾವ ದಿಕ್ಕಿಗೆ ನಡೆದರೂ ಬೀದಿಯ ಹೆಸರೇ ಅಲ್ಲಿ ಒಂದು ಕಾಲಕ್ಕೆ ಏನು ಮಾರುತ್ತಿದ್ದರೆಂಬುದನ್ನು ಹೇಳುತ್ತದೆ: ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ, ರಾಗಿಪೇಟೆ, ಕುಂಬಾರಪೇಟೆ. ಕೆಲವು ಹೆಸರುಗಳು ಈಗ ಬರೀ ಹೆಸರುಗಳಾಗಿ ಉಳಿದಿವೆ. ಬಳೇಪೇಟೆಯಲ್ಲಿ ವೀಣೆ, ತಬಲಾ, ಹಾರ್ಮೋನಿಯಂ ಮಾರುವ ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ಆದರೆ ಒಂದೇ ಬಗೆಯ ವ್ಯಾಪಾರ ಒಂದೇ ಗಲ್ಲಿಯಲ್ಲಿ ಒತ್ತೊತ್ತಾಗಿರುವ ಪದ್ಧತಿ ಮುಂದುವರಿದಿದೆ, ಮತ್ತು ಕೊಳ್ಳುವವರಿಗೆ ಇದರಷ್ಟು ಅನುಕೂಲವಾದ ವ್ಯವಸ್ಥೆ ಇನ್ನೊಂದಿಲ್ಲ. ಒಂದು ಅಂಗಡಿಯಲ್ಲಿ ಕೇಳಿದ ಬೆಲೆಯನ್ನು ಹತ್ತು ಹೆಜ್ಜೆ ಆಚೆ ಇನ್ನೊಂದರಲ್ಲಿ ಒರೆಗೆ ಹಚ್ಚಬಹುದು.

ಚಿಕ್ಕಪೇಟೆಯ ಬಲ ಇರುವುದು ಸಂಖ್ಯೆಯಲ್ಲಿ. ಧಾರೆ ಸೀರೆ ಒಂದೇ ಕೊಳ್ಳುವವರಿಗಿಂತ, ಅದರ ಜೊತೆಗೆ ಬೀಗರ ಕಡೆಯವರಿಗೆ, ಸೋದರತ್ತೆಯರಿಗೆ, ಮನೆಗೆಲಸಕ್ಕೆ ನೆರವಾದವರಿಗೆ ಎಂದು ಇಪ್ಪತ್ತು ಮೂವತ್ತು ಸೀರೆ ಕೊಳ್ಳುವವರಿಗೆ ಇಲ್ಲಿ ಹೆಚ್ಚು ಲಾಭ. ಅನೇಕ ಅಂಗಡಿಗಳು ಸಗಟು ವ್ಯಾಪಾರದವು. ಬೀದಿಯಿಂದ ನೋಡಿದರೆ ಒಂದು ಕಿರಿದಾದ ಬಾಗಿಲು, ಒಳಗೆ ಕಡಿದಾದ ಮೆಟ್ಟಿಲು, ಮೇಲೆ ಹೋದರೆ ಗೋಡೆಯಿಂದ ಗೋಡೆಗೆ ಹಾಸಿದ ಬಿಳಿ ಗಾದಿ. ಚಪ್ಪಲಿ ಬಿಟ್ಟು ಕಾಲು ಮಡಚಿ ಕುಳಿತರೆ ಒಂದರ ಮೇಲೊಂದು ಸೀರೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ.

ಸೀರೆಯನ್ನು ಹೇಗೆ ನೋಡಬೇಕೆಂದು ನನಗೆ ಕಲಿಸಿದವರು ನನ್ನ ದೊಡ್ಡಮ್ಮ. ಅವರ ಮೊಮ್ಮಗಳ ಮದುವೆಗೆಂದು ಹೋದಾಗ ಅಂಗಡಿಯವರು ಕುಂಕುಮ ಬಣ್ಣದ ಸೀರೆಯೊಂದನ್ನು ಮುಂದಿಟ್ಟು, "ಅಮ್ಮಾ, ಮುಟ್ಟಿ ನೋಡಿ, ಪ್ಯೂರ್ ರೇಷ್ಮೆ" ಎಂದರು. ದೊಡ್ಡಮ್ಮ ಮುಟ್ಟಲಿಲ್ಲ. "ಮುಟ್ಟೋದು ಆಮೇಲಪ್ಪ, ಮೊದಲು ಒಳಮೈ ತೋರಿಸು" ಎಂದು ಸೆರಗನ್ನು ಮಗುಚಿ ಹಾಕಿಸಿದರು. ಬುಟ್ಟಾಗಳ ಹಿಂಬದಿಯಲ್ಲಿ ಜರಿ ಎಳೆ ಹೇಗೆ ಮುಗಿದಿದೆ, ಅಂಚು ಒಡಲಿಗೆ ಸೇರುವಲ್ಲಿ ಸುಕ್ಕು ಹಿಡಿದಿದೆಯೇ ಎಂದು ಬೆರಳಾಡಿಸಿ ನೋಡಿದರು. ಆಮೇಲೆ ಆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು, ಮಂಡಿನೋವನ್ನೂ ಲೆಕ್ಕಿಸದೆ ಮೆಟ್ಟಿಲಿಳಿದು ಬೀದಿ ಬಾಗಿಲಿನ ಬೆಳಕಿಗೆ ಬಂದು ನಿಂತರು. ಟ್ಯೂಬ್‌ಲೈಟಿನ ಕೆಳಗೆ ಕುಂಕುಮದ ಹಾಗೆ ಕಂಡಿದ್ದ ಬಣ್ಣ ಹೊಸ್ತಿಲ ಬಿಸಿಲಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. "ಮುಹೂರ್ತ ಬೆಳಿಗ್ಗೆ ಇರೋದು, ಟ್ಯೂಬ್‌ಲೈಟ್ ಕೆಳಗಲ್ಲ" ಎಂದು ಹೇಳಿ ಆ ಸೀರೆಯನ್ನು ಹಿಂದಕ್ಕೆ ಕೊಟ್ಟರು. ಅಂಗಡಿಯವರು ಬೇಸರ ಮಾಡಿಕೊಳ್ಳದೆ ಇನ್ನೊಂದು ಕಟ್ಟು ಬಿಚ್ಚಿದರು. ಚಿಕ್ಕಪೇಟೆಯಲ್ಲಿ ಈ ತಾಳ್ಮೆ ನಿಮಗೆ ಸಿಗುತ್ತದೆ. ನೀವೂ ಅಷ್ಟೇ ತಾಳ್ಮೆಯನ್ನು ಕೊಂಡೊಯ್ಯಬೇಕು. ಒಂದು ಮದುವೆಯ ಜವಳಿಗೆ ನಾಲ್ಕು ಗಂಟೆಗಿಂತ ಕಡಿಮೆ ಸಮಯ ಇಟ್ಟುಕೊಂಡು ಇಲ್ಲಿಗೆ ಹೋಗುವುದು ವ್ಯರ್ಥ.

ಎಚ್ಚರಿಕೆಯ ಮಾತೊಂದನ್ನು ಇಲ್ಲಿಯೇ ಹೇಳಬೇಕು. ನಗರದ ಬೇರೊಂದು ಕಡೆ, ಹೆಸರು ಬೇಡ, ಒಂದು ಅಂಗಡಿಯಲ್ಲಿ ನಾನು ರೇಷ್ಮೆಯೆಂದು ನಂಬಿ ಕೊಂಡ ಸೀರೆಯ ಕುಚ್ಚಿನಿಂದ ಒಂದು ಎಳೆ ತೆಗೆದು ಮನೆಯಲ್ಲಿ ಸುಟ್ಟು ನೋಡಿದಾಗ ಅದು ಕರಗಿ ಸಾಸಿವೆಯಷ್ಟು ಗಾತ್ರದ ಗಟ್ಟಿ ಮಣಿಯಾಯಿತು. ನಿಜವಾದ ರೇಷ್ಮೆಯ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ ಮತ್ತು ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ರೇಯಾನ್ ಆದರೆ ಕಾಗದ ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗುತ್ತದೆ. ಬಿಲ್ಲಿನಲ್ಲಿ ಬರೀ "ಫ್ಯಾನ್ಸಿ ಸೀರೆ" ಎಂದು ಬರೆದಿದ್ದರಿಂದ ಹಿಂತಿರುಗಿಸಲು ಹೋದರೂ ನನ್ನ ಮಾತಿಗೆ ಬಲವಿರಲಿಲ್ಲ. ಅಂದಿನಿಂದ ರೇಷ್ಮೆ ಕೊಳ್ಳುವಾಗ ಎರಡನ್ನು ಬಿಡದೆ ಕೇಳುತ್ತೇನೆ: ಸೀರೆಯ ಮೇಲೆ ಸಿಲ್ಕ್ ಮಾರ್ಕ್ ಚೀಟಿ ಇರಬೇಕು, ಬಿಲ್ಲಿನಲ್ಲಿ ಶುದ್ಧ ರೇಷ್ಮೆ ಎಂದು ಬರೆದಿರಬೇಕು. ಸಿಲ್ಕ್ ಮಾರ್ಕ್ ಯೋಜನೆಯ ಹಿಂದೆ ಇರುವುದು ಕೇಂದ್ರ ರೇಷ್ಮೆ ಮಂಡಳಿ, ಮತ್ತು ಆ ಮಂಡಳಿಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿಯೇ.

ಚೌಕಾಸಿಯೇ ಬೇಡ, ಅನುಮಾನವೂ ಬೇಡ ಎನ್ನುವವರಿಗೆ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಮೈಸೂರು ಸಿಲ್ಕ್ ಮಳಿಗೆಗಳು ಸರಿಯಾದ ಜಾಗ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ ಗಿರಣಿಯ ಸೀರೆ ಇದು. ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ ಎಂದು ನಿಗಮ ಹೇಳುತ್ತದೆ, ಮತ್ತು ನಕಲು ತಡೆಯಲು ಪ್ರತಿ ಸೀರೆಗೂ ಪ್ರತ್ಯೇಕ ಸಂಖ್ಯೆ ಇರುತ್ತದೆ. ಬೆಲೆ ನಿಗದಿಯಾದದ್ದು, ಆಯ್ಕೆ ಚಿಕ್ಕಪೇಟೆಯಷ್ಟು ವಿಸ್ತಾರವಾಗಿರುವುದಿಲ್ಲ, ಮತ್ತು ಮಾಲು ಬಂದ ದಿನ ಬಾಗಿಲು ತೆರೆಯುವ ಮುನ್ನವೇ ಸರತಿ ನಿಂತಿರುತ್ತದೆ. ಭಾರವಾದ ಜರಿಯ ಕಂಚಿ ಸೀರೆ ಧಾರೆಯ ದಿನ ಉಟ್ಟು ಪೆಟ್ಟಿಗೆ ಸೇರಿದರೆ, ಹಗುರವಾದ ಮೈಸೂರು ಸಿಲ್ಕ್ ನಾಮಕರಣ, ಗೃಹಪ್ರವೇಶ, ವರಮಹಾಲಕ್ಷ್ಮಿ ಎಂದು ವರ್ಷಕ್ಕೆ ನಾಲ್ಕು ಸಲ ಹೊರಬರುತ್ತದೆ. ಮದುವೆಗೆ ಎರಡು ಒಳ್ಳೆಯ ಸೀರೆ ಕೊಳ್ಳುವ ಶಕ್ತಿಯಿದ್ದರೆ ಒಂದು ಅದು, ಒಂದು ಇದು ಎಂಬುದು ನನ್ನ ಸಲಹೆ.

ಇಳಕಲ್ ಸೀರೆಯನ್ನು ಬೆಂಗಳೂರಿನಲ್ಲಿ ಹುಡುಕುವವರು ಸ್ವಲ್ಪ ಜಾಗ್ರತೆಯಿಂದಿರಬೇಕು. ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕಿ ನೇಯುವುದು, ಸೆರಗಿನಲ್ಲಿ ತೋಪು ತೆನೆಯ ವಿನ್ಯಾಸ ಬರುವುದು ಅದರ ಗುರುತು. ಆ ವಿನ್ಯಾಸವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿ ಮಾರುವುದೂ ಉಂಟು. ಹಿಂಬದಿ ತಿರುಗಿಸಿದರೆ ತಿಳಿದುಹೋಗುತ್ತದೆ. ಇಳಕಲ್, ಮೊಳಕಾಲ್ಮೂರು, ಗುಳೇದಗುಡ್ಡದ ಖಣ ಇವುಗಳಿಗೆ ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಗಳನ್ನು, ಇಲ್ಲವೇ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಆಗಾಗ ನಡೆಯುವ ಕರಕುಶಲ ಮೇಳಗಳನ್ನು ನಾನು ಹೆಚ್ಚು ನಂಬುತ್ತೇನೆ. ಮೇಳಗಳಲ್ಲಿ ನೇಕಾರರೇ ಬಂದು ಕುಳಿತಿರುವುದುಂಟು; ಅವರ ಬಾಯಿಂದಲೇ ಆ ಸೀರೆಯ ಕಥೆ ಕೇಳಿ ಕೊಳ್ಳುವುದರ ಸಂತೋಷ ಬೇರೆ.

ಪೇಟೆಯಲ್ಲಿ ಊಟದ ಚಿಂತೆ ಇಲ್ಲ. ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನದ ಸಾಗು ಮಸಾಲೆ ದೋಸೆ ಜವಳಿಯ ನಡುವೆ ಸಿಗುವ ಒಳ್ಳೆಯ ವಿರಾಮ. ಮಾಂಸಾಹಾರಿಗಳು ಕಾಟನ್‌ಪೇಟೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲಿನ ಕಡೆಗೆ ಹೊರಳಬಹುದು. ಮಿಲಿಟರಿ ಹೋಟೆಲು ಎಂದರೇನೆಂದು ಊರಿನ ಹುಡುಗರಿಗೆ ತೋರಿಸಲು ಹಳೆಯ ಪೇಟೆಗಿಂತ ಸೂಕ್ತವಾದ ಜಾಗವಿಲ್ಲ. ಸಂಜೆ ಆರರ ಮೇಲಾದರೆ ವಿಶ್ವೇಶ್ವರಪುರದ ತಿಂಡಿ ಬೀದಿ ಹತ್ತಿರವೇ ಇದೆ. ಅವರೆಕಾಯಿ ಕಾಲದಲ್ಲಿ, ಅಂದರೆ ಚಳಿಗಾಲದಲ್ಲಿ ಬಂದರೆ ಅಲ್ಲಿ ಹಿತಕಿದ ಅವರೆಬೇಳೆಯ ತಿಂಡಿಗಳನ್ನು ಹುಡುಕಿ ತಿನ್ನಿ.

ನೋಡುವುದಕ್ಕೆ, ಹಗಲಿನಲ್ಲಿ ಒಂದು ಗಂಟೆ ಬಿಡುವಾದರೆ ಕೆ.ಆರ್. ಮಾರುಕಟ್ಟೆಯ ಬಳಿಯ ಟಿಪ್ಪುವಿನ ಬೇಸಿಗೆ ಅರಮನೆ ಇದೆ. ಹೈದರಾಲಿ ಆರಂಭಿಸಿ, ಟಿಪ್ಪು 1791ರಲ್ಲಿ ಮುಗಿಸಿದ ಮರದ ಕಂಬಗಳ ಆ ಕಟ್ಟಡದೊಳಗೆ ಬೀದಿಯ ಗದ್ದಲ ತಟ್ಟನೆ ತಗ್ಗುತ್ತದೆ. ಚೈತ್ರ ಹುಣ್ಣಿಮೆಯ ರಾತ್ರಿಯಾದರೆ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ಮಲ್ಲಿಗೆಯ ಕರಗ ಹೊತ್ತವರು ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಭೇಟಿ ಕೊಡುತ್ತಾರೆ. ಅದನ್ನು ಒಮ್ಮೆಯಾದರೂ ನಿದ್ದೆಗೆಟ್ಟು ನೋಡಬೇಕು, ಆದರೆ ಜವಳಿಯ ದಿನವೇ ಅಲ್ಲ.

ಪೇಟೆಯ ಕೊರತೆಗಳನ್ನೂ ಮುಚ್ಚಿಡಬಾರದು. ಮೆಟ್ಟಿಲು ಹತ್ತಲಾರದ ಹಿರಿಯರಿಗೆ ಇದು ಕಷ್ಟದ ಜಾಗ. ಶುಚಿಯಾದ ಶೌಚಾಲಯ ಸಿಗುವುದು ಅಪರೂಪ, ಆದ್ದರಿಂದ ಹೋಟೆಲಿಗೆ ಹೋದಾಗಲೇ ಆ ಅಗತ್ಯ ಮುಗಿಸಿಕೊಳ್ಳುವುದು ಒಳ್ಳೆಯದು. ಕಾರು ತರುವ ಯೋಚನೆಯನ್ನೇ ಬಿಡಿ. ಮೆಜೆಸ್ಟಿಕ್‌ನಿಂದ ಮೆಟ್ರೋದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ಒಂದೇ ನಿಲ್ದಾಣ. ಭಾನುವಾರ ಸಗಟು ಅಂಗಡಿಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿರುತ್ತವೆ. ವಾರದ ನಡುವೆ, ಬೆಳಿಗ್ಗೆ ಹನ್ನೊಂದಕ್ಕೆ ಒಳಗೆ ಹೊಕ್ಕರೆ ಗಾದಿಯ ಮೇಲೆ ಜಾಗವೂ ಸಿಗುತ್ತದೆ, ಅಂಗಡಿಯವರ ಗಮನವೂ ಸಿಗುತ್ತದೆ.

ದಂಡು: ಹೊಲಿದ ಬಟ್ಟೆಗೆ, ಹೊಂದುವ ವಸ್ತುಗಳಿಗೆ, ಪುಸ್ತಕಕ್ಕೆ

ಚಿಕ್ಕಪೇಟೆಯಲ್ಲಿ ಕುಳಿತು ಕೊಳ್ಳುತ್ತೇವೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಡೆಯುತ್ತ ಕೊಳ್ಳುತ್ತೇವೆ. ಮದುಮಗಳ ತಂಗಿಯರಿಗೆ ಲೆಹೆಂಗಾ, ಹುಡುಗರಿಗೆ ಕುರ್ತಾ, ಸೀರೆಗೆ ಹೊಂದುವ ಚಪ್ಪಲಿ, ಪರ್ಸು, ಗಿಲೀಟಿನ ಜುಮುಕಿ ಇವೆಲ್ಲವೂ ಐನೂರು ಹೆಜ್ಜೆಯೊಳಗೆ ಸಿಗುವ ಬೀದಿ ಇದು. ಇದಕ್ಕೆ ಸೇರಿಕೊಂಡಿರುವ ಇಬ್ರಾಹಿಂ ಸಾಹೇಬ್ ಸ್ಟ್ರೀಟ್, ಡಿಸ್ಪೆನ್ಸರಿ ರಸ್ತೆಗಳನ್ನು ಬಿಟ್ಟು ಬರಬಾರದು. ರವಿಕೆಗೆ ಲೈನಿಂಗ್, ಅಂಚಿಗೆ ಲೇಸು, ಗುಂಡಿ, ಮೀಟರಿನ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಬಟ್ಟೆ ಇವುಗಳಿಗೆ ಹೊಲಿಯುವವರೇ ಇಲ್ಲಿಗೆ ಬರುತ್ತಾರೆ. ಚಿಕ್ಕಪೇಟೆಯಲ್ಲಿ ಕೊಂಡ ಸೀರೆಯಿಂದ ರವಿಕೆ ಕಣ ಕತ್ತರಿಸಿ ಚೀಲದಲ್ಲಿ ಇಟ್ಟುಕೊಂಡು ಬಂದರೆ ಹೊಂದಿಕೆಯ ಕೆಲಸ ಸುಲಭ. ಫೋನಿನ ಫೋಟೋ ನೋಡಿ ಬಣ್ಣ ಹೊಂದಿಸಲು ಹೋಗಬೇಡಿ.

ಬೆಲೆಯ ವಿಷಯದಲ್ಲಿ ಎರಡೂ ಕಡೆ ಚೌಕಾಸಿ ಉಂಟು, ರೀತಿ ಬೇರೆ. ಪೇಟೆಯಲ್ಲಿ ಒಟ್ಟು ಬಿಲ್ಲಿನ ಮೇಲೆ ಕೊನೆಯಲ್ಲಿ ಇಳಿಸಿಕೊಳ್ಳುತ್ತಾರೆ, ಒಂದೊಂದು ಸೀರೆಗೂ ಜಗ್ಗಾಡುವುದರಿಂದ ಪ್ರಯೋಜನವಿಲ್ಲ. ದಂಡಿನ ಬೀದಿಬದಿಯವರ ಹತ್ತಿರ ಪ್ರತಿ ವಸ್ತುವಿಗೂ ಕೇಳಬೇಕು; ದೊಡ್ಡ ಅಂಗಡಿಗಳಲ್ಲಿ ಚೀಟಿಯ ಬೆಲೆಯೇ ಅಂತಿಮ. ಭಾನುವಾರವೂ ತೆರೆದಿರುವುದು ಇಲ್ಲಿನ ದೊಡ್ಡ ಅನುಕೂಲ, ಅದಕ್ಕಾಗಿಯೇ ಅಂದು ಕಾಲಿಡಲಾಗದಷ್ಟು ಜನ. ಸಮೀಪದ ರಸೆಲ್ ಮಾರುಕಟ್ಟೆಯ ಕಟ್ಟಡ 1927ರದು; ಹಣ್ಣು, ತರಕಾರಿ, ಹೂವು, ಮಾಂಸ, ಮೀನು ಎಲ್ಲವೂ ಒಂದೇ ಸೂರಿನ ಕೆಳಗಿರುವ ಹಳೆಯ ಮಾರುಕಟ್ಟೆ ಹೇಗಿರುತ್ತಿತ್ತೆಂದು ತಿಳಿಯಲು ಹೊಕ್ಕು ಬರಬಹುದು. ರಂಜಾನ್ ತಿಂಗಳಿನಲ್ಲಿ ಬಂದವರು ಇಫ್ತಾರ್ ಆದ ಮೇಲೆ ಫ್ರೇಜರ್ ಟೌನಿನ ಮಸೀದಿ ರಸ್ತೆಗೆ ಹೋಗದೆ ಹಿಂತಿರುಗಬಾರದು; ಆ ತಿಂಗಳಿನ ಹಲೀಮ್, ಕಬಾಬುಗಳ ಘಮ ನಗರದ ಬೇರೆ ಯಾವ ಬೀದಿಯಲ್ಲೂ ಇಲ್ಲ.

ದಂಡಿನ ಸಂಜೆ ಎಂ.ಜಿ. ರಸ್ತೆ ಮತ್ತು ಚರ್ಚ್ ಸ್ಟ್ರೀಟಿಗೆ ಸೇರಿದ್ದು. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಪುಸ್ತಕದಂಗಡಿಗಳಲ್ಲಿ ಹೊಸ ಪುಸ್ತಕದ ಪಕ್ಕದಲ್ಲೇ ಬಳಸಿದ ಪುಸ್ತಕವೂ ಇರುತ್ತದೆ. ಓದುವ ಮಕ್ಕಳಿರುವ ಮನೆಯವರು ಇಲ್ಲಿ ಎರಡು ಗಂಟೆ ಕಳೆದರೂ ಹೆಚ್ಚೇನಲ್ಲ. ಅದೇ ಬೀದಿಯ ಇಂಡಿಯಾ ಕಾಫಿ ಹೌಸಿನಲ್ಲೋ, ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಲ್ಲೋ ಕಾಫಿ ಕುಡಿಯುತ್ತ ಕೊಂಡ ಪುಸ್ತಕದ ಮೊದಲ ಪುಟ ತೆರೆಯಬಹುದು, ಯಾರೂ ಏಳಿಸುವುದಿಲ್ಲ. ಚಿತ್ರಕಲೆಯಲ್ಲಿ ಆಸಕ್ತಿ ಇದ್ದವರಿಗೆ ಈ ಭಾಗದಷ್ಟು ಸಮೃದ್ಧವಾದದ್ದು ಬೇರೆ ಇಲ್ಲ. ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಚಿತ್ರಶಾಲೆ, 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯ ಮೂರೂ ಇವೆ. ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಸೋಮವಾರ ಇಂಥ ಕಡೆ ಬಾಗಿಲು ಮುಚ್ಚಿರುವುದೇ ಹೆಚ್ಚು, ಆದ್ದರಿಂದ ಆ ದಿನವನ್ನು ಪೇಟೆಗೆ ಇಟ್ಟುಕೊಳ್ಳಿ.

ಮಲ್ಲೇಶ್ವರವೋ, ಬಸವನಗುಡಿಯೋ

ನಿಜವಾದ ಹೋಲಿಕೆ ಬೇಕಿರುವುದು ಇಲ್ಲಿ, ಏಕೆಂದರೆ ಎರಡೂ ಒಂದೇ ಕಾಲದಲ್ಲಿ ಬೆಳೆದ, ಒಂದೇ ಬಗೆಯ ಮನೆಗಳ ಬಡಾವಣೆಗಳು, ಮತ್ತು ಎರಡರ ಅಭಿಮಾನಿಗಳೂ ತಮ್ಮ ಬಡಾವಣೆಯ ದೋಸೆಯೇ ಮೇಲೆಂದು ವಾದಿಸುತ್ತಾರೆ. ಹಿರಿಯರು ಜೊತೆಗಿದ್ದರೆ, ಕೊಳ್ಳಬೇಕಾದದ್ದು ಕಡಿಮೆಯಿದ್ದರೆ, ದಿನವನ್ನು ನಿಧಾನವಾಗಿ ಕಳೆಯಬೇಕೆಂದಿದ್ದರೆ ಪೇಟೆ, ದಂಡು ಎರಡನ್ನೂ ಬಿಟ್ಟು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ.

ಕೊಳ್ಳುವುದಕ್ಕೆ ಮಲ್ಲೇಶ್ವರ ಒಂದು ಕೈ ಮೇಲು. ಎಂಟನೇ ಅಡ್ಡರಸ್ತೆಯೂ ಸಂಪಿಗೆ ರಸ್ತೆಯೂ ಸೇರುವಲ್ಲಿ ನಿತ್ಯ ಉಡುವ ಹತ್ತಿ ಸೀರೆ, ಬಳೆ, ಪೂಜೆಯ ಸಾಮಾನು, ಗೌರಿ ಬಾಗಿನದ ಮೊರ, ಮಲ್ಲಿಗೆ ಮೊಗ್ಗು ಎಲ್ಲವೂ ನಡಿಗೆಯ ದೂರದಲ್ಲಿವೆ. ತಿನ್ನುವುದಕ್ಕೆ ಏಳನೇ ಅಡ್ಡರಸ್ತೆಯ ಸಿ.ಟಿ.ಆರ್. ಹೋಟೆಲಿನ ಬೆಣ್ಣೆ ಮಸಾಲೆ ದೋಸೆ, ಹದಿನೈದನೇ ಅಡ್ಡರಸ್ತೆಯ ವೀಣಾ ಸ್ಟೋರ್ಸ್‌ನಲ್ಲಿ ಪಾದಚಾರಿ ಮಾರ್ಗದ ಮೇಲೆ ನಿಂತು ತಿನ್ನುವ ಇಡ್ಲಿ. ನೋಡುವುದಕ್ಕೆ ಕಾಡು ಮಲ್ಲೇಶ್ವರ ದೇವಸ್ಥಾನ, ಅದರ ಎದುರಿಗೆ 1997ರಲ್ಲಿ ಮಣ್ಣಿನಡಿಯಿಂದ ಹೊರಬಂದ ನಂದಿ ತೀರ್ಥ. ಸಂಜೆ ಕಛೇರಿ ಇದ್ದರೆ, ಪಿಟೀಲು ವಿದ್ವಾನ್ ಟಿ. ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಹತ್ತಿರದಲ್ಲಿದೆ.

ಬಸವನಗುಡಿಯಲ್ಲಿ ಕೊಳ್ಳುವುದು ಗಾಂಧಿ ಬಜಾರಿನ ಹೂವು, ಹಣ್ಣು, ಕುರುಕಲು ತಿಂಡಿಗಳಿಗೆ ಹೆಚ್ಚುಕಡಿಮೆ ಮುಗಿಯುತ್ತದೆ. ಬಟ್ಟೆ ಬೇಕಾದರೆ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಬೇಕು. ಆದರೆ ತಿನ್ನುವುದರಲ್ಲಿ ನನ್ನ ಮನಸ್ಸು ಈ ಕಡೆಗೇ ವಾಲುತ್ತದೆ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದಲ್ಲಿ ಹೆಸರು ಕೊಟ್ಟು ಬಾಗಿಲ ಬಳಿ ಕಾಯಬೇಕು. ಒಳಗೆ ಕುಳಿತ ಮೇಲೆ, ಪಂಚೆ ಉಟ್ಟ ಸಪ್ಲೈಯರ್ ಒಬ್ಬರು ಎಡಗೈಯುದ್ದಕ್ಕೂ ಹನ್ನೆರಡು ಹದಿಮೂರು ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಒರಗಿಸಿಕೊಂಡು ಅಡುಗೆಮನೆಯಿಂದ ಬಂದು, ಒಂದೂ ಜಾರದ ಹಾಗೆ ಬಲಗೈಯಿಂದ ಒಂದೊಂದನ್ನೇ ಮೇಜಿನ ಮೇಲಿಡುತ್ತಾರೆ. ಹಿಂದೆಯೇ ಚಟ್ನಿಯ ಪಾತ್ರೆ ಹಿಡಿದವರು ಬಂದು ಧಾರಾಳವಾಗಿ ಸುರಿಯುತ್ತಾರೆ. ದೋಸೆಯ ಜೊತೆ ಸಾಂಬಾರಿಲ್ಲ. ಹೊರಗೆ ಕಂದು ಬಣ್ಣಕ್ಕೆ ಗರಿಗರಿಯಾಗಿ, ಒಳಗೆ ದಪ್ಪವಾಗಿ ಮೆತ್ತಗಿರುವ ಆ ದೋಸೆಗೆ ಸಾಂಬಾರು ಬೇಕೆಂದು ಅನ್ನಿಸುವುದೂ ಇಲ್ಲ. ಶುಕ್ರವಾರ ರಜೆ ಎಂಬುದನ್ನು ನೆನಪಿಡಿ. ಶಂಕರಪುರದ ಬ್ರಾಹ್ಮಣರ ಕಾಫಿ ಬಾರಿನಲ್ಲಿಯೂ ಇಡ್ಲಿ, ವಡೆಗೆ ಚಟ್ನಿ ಮಾತ್ರ. ಅದಕ್ಕೆ ಭಾನುವಾರ ರಜೆ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸೋಮವಾರ ರಜೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಾಲದೆ ಹೋದಾಗ ರವೆ ಇಡ್ಲಿ ರೂಪುಗೊಂಡ ಅಡುಗೆಮನೆ ಅವರದು. ಹೀಗೆ ಒಂದೊಂದು ಹೋಟೆಲಿಗೆ ಒಂದೊಂದು ವಾರ ರಜೆ ಇರುವುದರಿಂದ ಹೊರಡುವ ಮುನ್ನ ದಿನ ಯಾವುದೆಂದು ನೋಡಿಕೊಂಡೇ ಬೆಳಗಿನ ತಿಂಡಿಯ ಜಾಗ ತೀರ್ಮಾನಿಸಬೇಕು.

ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ಸೇರುತ್ತದೆ. ಆ ಹೊತ್ತಿಗೆ ಬೆಂಗಳೂರಿಗೆ ಬರುವ ಸಂದರ್ಭವಿದ್ದರೆ ಬೇರೆ ಯಾವ ಯೋಚನೆಯನ್ನೂ ಮಾಡದೆ ಬಸವನಗುಡಿಯನ್ನೇ ಆರಿಸಿಕೊಳ್ಳಿ. ಸೇರಿನಲ್ಲಿ ಅಳೆದು ಕೊಡುವ ಹಸಿ ಕಡಲೆಕಾಯಿ, ಬೇಯಿಸಿದ್ದು, ಹುರಿದದ್ದು ತಿನ್ನುತ್ತ ಬೀದಿಯುದ್ದಕ್ಕೂ ನಡೆಯುವಾಗ ಇದು ಮಹಾನಗರ ಎಂಬುದೇ ಮರೆತುಹೋಗುತ್ತದೆ.

ಮಾಲ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಂಪು, ಶೌಚಾಲಯ, ಲಿಫ್ಟು, ಕಾರು ನಿಲ್ಲಿಸಲು ಜಾಗ ಇವು ಬೇಕೇ ಬೇಕಾದವರಿಗೆ, ಪುಟ್ಟ ಮಕ್ಕಳ ತಾಯಂದಿರಿಗೆ, ಗಾಲಿಕುರ್ಚಿಯಲ್ಲಿರುವವರಿಗೆ ಅವು ನಿಜಕ್ಕೂ ಉಪಕಾರಿ. ಆದರೆ ಅಲ್ಲಿನ ಬ್ರ್ಯಾಂಡಿನ ಬಟ್ಟೆ ಹುಬ್ಬಳ್ಳಿ, ಮಂಗಳೂರಿನ ಮಾಲ್‌ಗಳಲ್ಲೂ ಸಿಗುತ್ತದೆ. ಅದಕ್ಕಾಗಿ ರಾತ್ರಿ ಬಸ್ಸು ಹತ್ತಿ ಬರಬೇಕಾಗಿಲ್ಲ.

ಸಂಜೆಯ ಆಯ್ಕೆ

ಸಂಜೆಗೆ ಒಂದೇ ಜಾಗ ಹೇಳಿ ಎಂದರೆ ನಾನು ಜೆ.ಪಿ. ನಗರದ ರಂಗಶಂಕರವನ್ನೇ ಹೇಳುತ್ತೇನೆ. ಶಂಕರ್ ನಾಗ್ ಅವರ ನೆನಪಿಗೆ ಅರುಂಧತಿ ನಾಗ್ ಅವರ ಶ್ರಮದಿಂದ 2004ರಲ್ಲಿ ಬಾಗಿಲು ತೆರೆದ ಈ ರಂಗಮಂದಿರದಲ್ಲಿ ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ಸಾಮಾನ್ಯವಾಗಿ ನಾಟಕ ಇದ್ದೇ ಇರುತ್ತದೆ. ಟಿಕೆಟ್ಟಿನ ಬೆಲೆ ಮಾಲ್‌ನ ಸಿನಿಮಾಕ್ಕಿಂತ ದುಬಾರಿಯೇನಲ್ಲ. ಸಂಜೆಯ ಪ್ರದರ್ಶನ ಏಳೂವರೆಗೆ ಎಂದರೆ ಏಳೂವರೆಗೆ ಬಾಗಿಲು ಮುಚ್ಚುತ್ತದೆ. ತಡವಾಗಿ ಬಂದವರು ಯಾರೇ ಆಗಿರಲಿ ಒಳಗೆ ಬಿಡುವುದಿಲ್ಲ. ಈ ಕಟ್ಟುನಿಟ್ಟಿನ ಬಗ್ಗೆ ನನಗೆ ಗೌರವವಿದೆ, ಏಕೆಂದರೆ ಒಳಗೆ ಕುಳಿತವರ ಮೇಲೂ ರಂಗದ ಮೇಲಿರುವವರ ಮೇಲೂ ಇರುವ ಕಾಳಜಿ ಅದು. ಆದ್ದರಿಂದ ಚಿಕ್ಕಪೇಟೆಯಿಂದ ಹೊರಡುವವರು ಐದೂವರೆಯೊಳಗೆ ಮೆಟ್ರೋ ಹತ್ತಿ, ಬನಶಂಕರಿ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದರೆ, ಅಲ್ಲಿನ ಕೆಫೆಯಲ್ಲಿ ಅಕ್ಕಿರೊಟ್ಟಿ ತಿನ್ನಲು ಸಮಯ ಉಳಿಯುತ್ತದೆ.

ಸಂಗೀತ ಪ್ರಿಯರಿಗೆ ಲೆಕ್ಕ ಬೇರೆ. ಯುಗಾದಿಯ ನಂತರ, ರಾಮನವಮಿಯ ದಿನಗಳಲ್ಲಿ ಬರುವುದಾದರೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಲಿ 1939ರಿಂದ ನಡೆಸಿಕೊಂಡು ಬಂದಿರುವ ಸಂಗೀತೋತ್ಸವವಿದೆ. ಪೇಟೆಗೆ ಇದು ಕೂಗಳತೆಯ ದೂರ, ಜವಳಿಯ ಚೀಲಗಳೊಂದಿಗೇ ಬಂದು ಕುಳಿತವರನ್ನು ನಾನು ನೋಡಿದ್ದೇನೆ. ಉಳಿದ ದಿನಗಳಲ್ಲಿ ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜ, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರಗಳ ಕಾರ್ಯಕ್ರಮ ಪತ್ರಿಕೆಯ "ನಗರದಲ್ಲಿ ಇಂದು" ಪಟ್ಟಿಯಲ್ಲಿ ಸಿಗುತ್ತದೆ, ಮತ್ತು ಅವುಗಳಲ್ಲಿ ಅನೇಕಕ್ಕೆ ಪ್ರವೇಶ ಉಚಿತ.

ತಿಂಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದವರಿಗೆ ಎರಡು ಮಾತು. ಆಷಾಢದಲ್ಲಿ ಮದುವೆಗಳಿಲ್ಲದ ಕಾರಣ ಜವಳಿ ಅಂಗಡಿಗಳು ರಿಯಾಯಿತಿ ಕೊಡುತ್ತವೆ. ಶ್ರಾವಣದ ಮದು‌ವೆಗೆ ಆಷಾಢದಲ್ಲೇ ಸೀರೆ ತೆಗೆಯುವುದಕ್ಕೆ ಮನೆಯ ಹಿರಿಯರ ಒಪ್ಪಿಗೆ ಇದ್ದರೆ ಒಳ್ಳೆಯ ಉಳಿತಾಯವಾಗುತ್ತದೆ. ವರಮಹಾಲಕ್ಷ್ಮಿಯ ಹಿಂದಿನ ವಾರ ಮಾತ್ರ ಪೇಟೆಯ ಕಡೆ ಸುಳಿಯಬೇಡಿ, ಹೂವಿನ ಬೆಲೆಯೂ ಜನಸಂದಣಿಯೂ ತಡೆಯಲಾರದಷ್ಟಿರುತ್ತವೆ. ಜನವರಿಯ ಆರಂಭದ ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುವಾಗ, ಕಲಾವಿದರಿಂದ ನೇರವಾಗಿ, ಒಂದು ಸಾಧಾರಣ ಸೀರೆಯ ಬೆಲೆಗೆ ಮನೆಗೊಂದು ಚಿತ್ರ ಕೊಳ್ಳಬಹುದು.

ಒಂದೇ ದಿನ ಇರುವವರಿಗೆ, ಮದುವೆಯ ಜವಳಿಯೇ ಮುಖ್ಯವಾಗಿದ್ದರೆ, ನನ್ನ ಕ್ರಮ ಇದು: ಬೆಳಿಗ್ಗೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಬಸವನಗುಡಿಯಲ್ಲಿ ತಿಂಡಿ, ಹನ್ನೊಂದಕ್ಕೆ ಚಿಕ್ಕಪೇಟೆ, ಬಳೇಪೇಟೆಯಲ್ಲಿ ಊಟ, ಮತ್ತೆ ಸೀರೆ, ಸಂಜೆ ರಂಗಶಂಕರ. ಎಲ್ಲವೂ ಹಸಿರು ಮಾರ್ಗದ ಮೇಲೆಯೇ ಇದೆ, ಹಾಗಾಗಿ ಒಂದು ದಿನಕ್ಕೆ ಒಂದೇ ಭಾಗ ಎಂಬ ನಿಯಮವನ್ನು ಇಷ್ಟರ ಮಟ್ಟಿಗೆ ಸಡಿಲಿಸಬಹುದು. ಎರಡನೆಯ ದಿನ ಸಿಕ್ಕರೆ ಅದು ದಂಡಿಗೆ. ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳು ಗುರುತಿನ ಚೀಟಿ ಮರೆಯದೆ ತನ್ನಿ. 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಬಿ.ಎಂ.ಟಿ.ಸಿ.ಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ.

ಕೊಂಡ ಸೀರೆಗೆ ಫಾಲ್ ಹಾಕಿಸಿ ಕುಚ್ಚು ಕಟ್ಟಿಸುವ ಕೆಲಸವನ್ನು ಮಾತ್ರ ಬೆಂಗಳೂರಿನಲ್ಲಿ ಬಿಟ್ಟುಹೋಗಬೇಡಿ. ಅದಕ್ಕಾಗಿ ಮತ್ತೊಮ್ಮೆ ಬರಬೇಕಾಗುತ್ತದೆ. ನಮ್ಮ ದೊಡ್ಡಮ್ಮ ಆ ದಿನ ಕೊನೆಗೆ ಆರಿಸಿದ ದಾಳಿಂಬೆ ಬಣ್ಣದ ಸೀರೆಯ ಕುಚ್ಚನ್ನು ಊರಿನ ಪಕ್ಕದ ಮನೆಯ ಹುಡುಗಿಯೇ ಕಟ್ಟಿದಳು, ಮೂರು ಸಂಜೆಗಳಲ್ಲಿ, ಜರಿಯ ಬಣ್ಣಕ್ಕೆ ಹೊಂದುವ ದಾರವನ್ನು ತಾನೇ ಆರಿಸಿ.